ಸೊಸೆಯ ಹೆಜ್ಜೆ, ಮಾವನ ಲೆಕ್ಕ

ಹಳೆಯ ಮಾರುಕಟ್ಟೆ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲಿದೆಯಲ್ಲ, ಅದರ ಕೆಳಗಿನ ಸಂದಿಯೇ ಜಿಪ್ಪಣ್ಣನ ಅಂಗಡಿ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಒಬ್ಬ ಮನುಷ್ಯ, ಒಂದು ಹೊಲಿಗೆ ಯಂತ್ರ, ಬಾಯಿಬಿಟ್ಟ ಚೀಲಗಳ ಒಂದು ರಾಶಿ, ಇಷ್ಟಕ್ಕೇ ಅಲ್ಲಿ ಜಾಗ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಹಾಗಾಗಿ ಅವನು ನಿಲ್ಲುವ ತಂಟೆಗೇ ಹೋದವನಲ್ಲ. ಬೆಳಿಗ್ಗೆ ಬಗ್ಗಿ ಒಳಗೆ ಸೇರಿ ಕೂತರೆ ಸಂಜೆ ಬಗ್ಗಿಯೇ ಹೊರಗೆ ಬರುವುದು. ಕೆಟ್ಟ ಜಿಪ್ಪನ್ನು ಎರಡು ಬೆರಳಲ್ಲಿ ಹಿಡಿದು, ಇಕ್ಕಳದಿಂದ ಒಂದು ಸಣ್ಣ ಹಿಸುಕು ಕೊಟ್ಟು, “ತಗೊಳ್ಳಿ, ಇನ್ನು ಬಾಯಿ ಮುಚ್ಕೊಂಡಿರುತ್ತೆ. ನಮ್ಮನೆಯವಳ ಹತ್ರ ಮಾತ್ರ ನನ್ನ ಇಕ್ಕಳ ನಡೀಲಿಲ್ಲ ನೋಡಿ,” ಎಂದು ಗಿರಾಕಿಯ ಕೈಗೆ ಚೀಲ ಕೊಡುವುದು ಅವನ ಪದ್ಧತಿ. ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಹೆಸರು ಬೇಕಾದದ್ದು ಹೋದ ಚಳಿಗಾಲದಲ್ಲಿ, ಆಸ್ಪತ್ರೆಯವರಿಗೆ. ರಿಪೇರಿಯಾದ ದೊಡ್ಡ ಪೆಟ್ಟಿಗೆಯೊಂದನ್ನು ಗಿರಾಕಿಯ ಮನೆಗೆ ಮುಟ್ಟಿಸೋಣವೆಂದು ಏರುರಸ್ತೆಯಲ್ಲಿ ಹೊತ್ತು ನಡೆಯುತ್ತಿದ್ದ. ಅರ್ಧ ದಾರಿಯಲ್ಲಿ ಯಾರೋ ಎದೆಯ ಮೇಲೆ ಕಾಲಿಟ್ಟು ನಿಂತ ಹಾಗಾಯಿತು. ಪೆಟ್ಟಿಗೆ ಒಂದು ಕಡೆ, ಅವನೊಂದು ಕಡೆ. ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋದರು, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿದರು, ಜೀವ ಉಳಿಯಿತು. ಆದರೆ ಅವನ ತಲೆಯಲ್ಲಿ ಒಂದು ಮಾತು ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ನಾನು ಬಿದ್ದದ್ದು ನಡೆಯುವಾಗ. ಜನ್ಮಪೂರ್ತಿ ಕೂತಿದ್ದೆ, ಏನೂ ಆಗಲಿಲ್ಲ. ಎದ್ದು ನಡೆದೆ, ಬಿದ್ದೆ. ಇದನ್ನು ಅವನು ಹೆಂಡತಿಗೂ ಬಾಯಿಬಿಟ್ಟು ಹೇಳಲಿಲ್ಲ. ಗಂಡಸು ನೋಡಿ, ಭಯ ಅಂದರೆ ಮರ್ಯಾದೆ ಹೋಗುತ್ತದೆ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದ್ದವನು ನಿವೃತ್ತ ಬಸ್ ಕಂಡಕ್ಟರ್. ಅವನದೂ ಅದೇ ಕಾಯಿಲೆ, ಅದೇ ವಾರ, ಅದೇ ಸ್ಟೆಂಟು. ನರ್ಸ್ ಬಂದರೆ ಅಲ್ಲಿಂದಲೇ “ಒಳಗ್ ಹೋಗಿ, ಒಳಗ್ ಹೋಗಿ, ಬಾಗಿಲಲ್ಲಿ ನಿಲ್ಬೇಡಿ!” ಎಂದು ಕೂಗಿ ವಾರ್ಡನ್ನೆಲ್ಲ ನಗಿಸುತ್ತಿದ್ದ. ಜಿಪ್ಪಣ್ಣನಿಗೆ ಐವತ್ತು ದಾಟಿದ ಮೇಲೆ ಹೊಸ ಸ್ನೇಹಿತ ಸಿಗುತ್ತಾನೆಂಬ ಆಸೆಯೇ ಇರಲಿಲ್ಲ. ಸಿಕ್ಕಿದ. ಇಬ್ಬರೂ ಎದೆ ಹಿಡಿದುಕೊಂಡೇ ಒಬ್ಬರನ್ನೊಬ್ಬರು ರೇಗಿಸಿದರು, ಒಬ್ಬರ ಊಟದ ತಟ್ಟೆಗೆ ಇನ್ನೊಬ್ಬರು ಕಣ್ಣು ಹಾಕಿದರು, ಡಿಸ್ಚಾರ್ಜಿನ ದಿನ ಇಬ್ಬರ ಕಣ್ಣಲ್ಲೂ ನೀರು ಬಂತು.

ಮನೆಗೆ ಕಳಿಸುವಾಗ ಹೃದಯದ ಡಾಕ್ಟರಮ್ಮ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಹೇಳಿದಳು: “ಸ್ಟೆಂಟ್ ನಾನು ಹಾಕಿದ್ದೀನಿ, ಮಾತ್ರೆ ನಾನು ಕೊಡ್ತೀನಿ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು. ಹಾರ್ಟ್ ಕಾಯಿಲೆ ಇರೋರಲ್ಲಿ ಯಾರ ಮೈಯಲ್ಲಿ ಕಸುವಿರುತ್ತೋ ಅವ್ರು ಹೆಚ್ಚು ದಿನ ಬದುಕ್ತಾರೆ. ಕೂತೇ ಇರೋರು ಬೇಗ ಹೋಗ್ತಾರೆ. ಹೆದರಿಸ್ತಿಲ್ಲಪ್ಪ, ನಡೀರಿ ಅಂತಿದ್ದೀನಿ. ಮೆತ್ತಗೆ ಶುರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ.” ಆಮೇಲೆ ಇಬ್ಬರ ಮಣಿಕಟ್ಟಿಗೂ ಒಂದೊಂದು ಕಪ್ಪು ಪಟ್ಟಿ ಕಟ್ಟಿದಳು. ನಾಡಿಗೀಡಿ ನೋಡುವಂಥದ್ದಲ್ಲ, ಹೆಜ್ಜೆ ಮಾತ್ರ ಎಣಿಸುವಂಥದ್ದು. ಎಣಿಸಿದ್ದು ಆಸ್ಪತ್ರೆಯ ವ್ಯಾಯಾಮದ ಕೋಣೆಯ ದೊಡ್ಡ ಪರದೆಯ ಮೇಲೆ ಬಣ್ಣದ ಗೆರೆಯಾಗಿ ಮೂಡುತ್ತದೆ, ಒಬ್ಬೊಬ್ಬರದೂ ಒಂದೊಂದು ಬಣ್ಣ. ಗುಂಪಿನವರೆಲ್ಲ ಅದನ್ನು ತಮ್ಮ ಫೋನಿನಲ್ಲೂ ನೋಡಬಹುದು. ಒಬ್ಬರನ್ನು ನೋಡಿ ಒಬ್ಬರಿಗೆ ಹುರುಪು ಬರಲಿ ಅಂತ ಮಾಡಿದ ಏರ್ಪಾಡು.

ಮೊದಲ ದಿನ ಜಿಪ್ಪಣ್ಣ ಪಟ್ಟಿ ಕಟ್ಟಿಕೊಂಡು ಗೇಟಿನವರೆಗೆ ಹೋದ. ಎದೆ ಡಬಡಬ ಅಂದಿತು. ಇನ್ನೊಂದು ಹೆಜ್ಜೆ ಇಟ್ಟರೆ ಇದೇ ಕೊನೆ ಅನ್ನಿಸಿತು. ಬೆವರು ಒರೆಸಿಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಹೆಂಡತಿ ಅವನ ಮುಖ ನೋಡಿ ಹೌಹಾರಿದಳು. “ಏನೂ ಬೇಡ, ಸುಮ್ನೆ ಕೂತ್ಕೊಳ್ಳಿ. ಸತ್ತು ಹುಟ್ಟಿ ಬಂದಿದ್ದೀರ. ಆ ಡಾಕ್ಟರಮ್ಮನಿಗೇನು, ಬಾಯಿಗೆ ಬಂದಿದ್ದು ಹೇಳ್ತಾಳೆ,” ಅಂದಳು. ಪಟ್ಟಿಯಲ್ಲಿ ಹೆಜ್ಜೆ ಮೂಡದಿದ್ದರೆ ಆಸ್ಪತ್ರೆಯಿಂದ ಫೋನು ಬರುತ್ತದಲ್ಲ? ಅದಕ್ಕೂ ಅವಳ ಹತ್ತಿರವೇ ಉಪಾಯವಿತ್ತು. ಸೊಸೆ ಪಾರ್ಸೆಲ್ ಹಂಚುವ ಕೆಲಸದವಳು. ವಾಹನ ನುಗ್ಗದ ಹಳೆಯ ಗಲ್ಲಿಗಳಲ್ಲಿ ದಿನವಿಡೀ ಕಾಲ್ನಡಿಗೆಯಲ್ಲೇ ಓಡಾಟ. “ಹೇಗೂ ಸುತ್ತುತ್ತಾಳೆ, ಅವಳೇ ಕಟ್ಕೊಂಡು ಹೋಗ್ಲಿ ಬಿಡಿ. ಯಾರಿಗೇನು ನಷ್ಟ?”

ಸೊಸೆ ಒಪ್ಪಲಿಲ್ಲ. “ಮಾವ, ಇದು ಸರಿ ಕಾಣಲ್ಲ. ನಾನು ನಡೆದ್ರೆ ನಿಮ್ಮ ಹಾರ್ಟಿಗೆ ಏನ್ ಬಂತು?” ಅಂದಳು. ನ್ಯಾಯವಾದ ಮಾತು. ಆದರೆ ಮಾವ ಕುರ್ಚಿಯಿಂದ ಏಳಲೂ ಅಂಜುವುದನ್ನು ಕಂಡಳು. ಗಂಡ ದೂರದೂರಿಗೆ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಈ ಮುದುಕನಿಗೆ ಏನಾದರೂ ಆದರೆ ತನ್ನ ತಲೆಗೇ ಬರುತ್ತದೆ. “ಒಂದು ವಾರ ಮಾತ್ರ,” ಅಂತ ಪಟ್ಟಿ ಕಟ್ಟಿಕೊಂಡಳು. ಒಂದು ವಾರ ಅನ್ನುವುದು ಎಲ್ಲಿ ಒಂದು ವಾರಕ್ಕೆ ನಿಂತಿದೆ ಹೇಳಿ?

ಪರದೆಯ ಮೇಲೆ ಜಿಪ್ಪಣ್ಣನ ಹಸಿರು ಗೆರೆ ಬಾಣ ಬಿಟ್ಟಂತೆ ಎದ್ದಿತು.

ವಾರಕ್ಕೊಮ್ಮೆ ಎಲ್ಲರೂ ಆ ಕೋಣೆಯಲ್ಲಿ ಸೇರಬೇಕು. ಅಲ್ಲಿನ ವ್ಯಾಯಾಮದ ತರಬೇತುದಾರನಿಗೆ ರೋಗಿಗಳೇ ಡ್ರಿಲ್ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅವನು ಕೈ ಎತ್ತಿಸುತ್ತಿದ್ದ, ಇಳಿಸುತ್ತಿದ್ದ, ನಿಂತಲ್ಲೇ ನಡೆಸುತ್ತಿದ್ದ. “ಹಿತವಾಗಿ ನಡೀಬೇಕು. ಹಿತ ಅಂದ್ರೆ ಏನು? ನಡೀತಾ ನಡೀತಾ ಪಕ್ಕದವ್ರ ಜೊತೆ ಮಾತಾಡೋಕೆ ಆಗ್ಬೇಕು. ಮಾತು ಕಟ್ಟಾಯ್ತಾ, ನಿಂತ್ಬಿಡಿ. ಎದೆ ಹಿಡೀತಾ, ಕೂತು ನಾಲಿಗೆ ಕೆಳಗೆ ಮಾತ್ರೆ ಇಟ್ಕೊಳ್ಳಿ,” ಎಂದು ಪ್ರತಿ ಸಲವೂ ಅದೇ ರಾಗ. ಅಲ್ಲಿ ಜಿಪ್ಪಣ್ಣ ಮಂಡಿನೋವು ಅಂತ ನೆಪ ಹೇಳಿ, ಭಾರವಿಲ್ಲದ ಸೈಕಲ್ ಮೇಲೆ ಕೂತು ಕಾಲಾಡಿಸುತ್ತಿದ್ದ. ಡ್ರಿಲ್ ಮೇಷ್ಟ್ರು ಒಂದೆರಡು ಸಲ ಹುಬ್ಬೇರಿಸಿದ. ಡಾಕ್ಟರಮ್ಮ ಮಾತ್ರ ಪರದೆ ತೋರಿಸಿ, “ಇಲ್ಲಿ ಸುಮ್ನೆ ಕೂತ ಹಾಗೆ ಕಂಡ್ರೂ ಹೊರಗೆ ಹೇಗೆ ನಡೀತಾರೆ ನೋಡಿ! ಇವ್ರನ್ನ ನೋಡಿ ಕಲೀರಿ,” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಿಪ್ಪಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹಲ್ಲು ಕಿರಿದ. ಅಲ್ಲಿಗೆ ಮುಗಿದಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ.

ಆ ಚಪ್ಪಾಳೆಯಲ್ಲಿ ಸೇರದವನು ಕಂಡಕ್ಟರ್ ಒಬ್ಬನೇ. ಅವನದು ನೀಲಿ ಗೆರೆ. ಅದು ಡಾಕ್ಟರಮ್ಮ ಹೇಳಿಕೊಟ್ಟ ಹಾಗೇ ಮೆತ್ತಗೆ ಶುರುವಾಗಿ ಮೆತ್ತಗೆ ಏರುತ್ತಿತ್ತು. ಮೊದಲ ಸಲ ಬಂದಾಗ ಏದುಸಿರು ಬಿಡುತ್ತಿದ್ದವನು ಈಗ ಆಸ್ಪತ್ರೆಯ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದ. ಮುಖಕ್ಕೆ ಕಳೆ ಬಂದಿತ್ತು. ಆದರೆ ಅವನ ಕಣ್ಣು ತನ್ನ ಗೆರೆಯ ಮೇಲಿರಲಿಲ್ಲ, ಹಸಿರಿನ ಮೇಲಿತ್ತು.

“ಏನಯ್ಯಾ ಜಿಪ್ಪು, ಜನ್ಮದಲ್ಲಿ ಎದ್ದು ನಿಂತೋನಲ್ಲ ನೀನು. ಎಲ್ಲಿಂದ ಬಂತು ಈ ಕಾಲು?” ಎಂದು ಹೊರಗೆ ಬಂದ ಮೇಲೆ ಕೇಳಿದ.

“ಇದ್ದ ಕಾಲೇ. ಬಳಸಿರಲಿಲ್ಲ, ಹೊಸದಾಗೇ ಉಳಿದಿತ್ತು,” ಅಂದ ಜಿಪ್ಪಣ್ಣ.

ಕಂಡಕ್ಟರ್ ನಕ್ಕ. ಎಂದಿನ ನಗುವಲ್ಲ ಅದು. ಅದಾದ ವಾರವೇ ನೀಲಿ ಗೆರೆ ಜಿಗಿದು ಮೇಲೇರಿತು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಕಂಡಕ್ಟರ್ ಬೆಳಿಗ್ಗೆ ನಡೆದ, ಸಂಜೆಯೂ ನಡೆದ. ಹಸಿರು ಗೆರೆಯನ್ನು ಹಿಡಿಯುವ ಹಟ. ಇತ್ತ ಸೊಸೆಯ ಕಂಪನಿಯಲ್ಲಿ ಪಾರ್ಸೆಲ್ ಹೆಚ್ಚಾಗಿ, ಅವಳು ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದಳು. ಗಟ್ಟಿಮುಟ್ಟಾದ ಹೆಣ್ಣುಮಗಳು ಹೊಟ್ಟೆಪಾಡಿಗೆ ನಡೆಯುವ ನಡಿಗೆಯನ್ನು, ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡ ಮುದುಕ ಹಿಂದೆ ಹಾಕಲು ಹೊರಟಿದ್ದ. ಇದು ಗೊತ್ತಿದ್ದವರು ಲೋಕದಲ್ಲಿ ಮೂರೇ ಜನ. ಮೂವರೂ ಒಂದೇ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಒಂದು ಮಧ್ಯಾಹ್ನ ಕಂಡಕ್ಟರ್ ಅಂಗಡಿಗೆ ಬಂದ. ಮೆಟ್ಟಿಲಿನ ಕೆಳಗೆ ಬಗ್ಗಿ ಕೂತವನಿಗೆ ಬಹಳ ಹೊತ್ತು ಮಾತು ಬರಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ಎಡಗೈಯನ್ನು ಬಲಗೈಯಲ್ಲಿ ನೀವಿಕೊಳ್ಳುತ್ತಿದ್ದ.

“ಏನಾಯ್ತೋ?” ಜಿಪ್ಪಣ್ಣನ ಕೈಯಿಂದ ಇಕ್ಕಳ ಜಾರಿತು.

“ಏನಿಲ್ಲ, ಗ್ಯಾಸು.”

“ಗ್ಯಾಸು ಕೈಗೆ ಬರುತ್ತಾ?”

“ನನಗೆ ಬರುತ್ತೆ, ನಿನಗೇನು? ಸೋಲ್ತೀನಿ ಅಂತ ಭಯಾನಾ?” ಕಂಡಕ್ಟರ್ ಫೋನು ತೆಗೆದು ಗೆರೆಗಳನ್ನು ತೋರಿಸಿದ. “ಇನ್ನು ಇಷ್ಟೇ ಇಷ್ಟು ಬಾಕಿ. ಈ ವಾರ ಹಿಡಿದೇ ಹಿಡೀತೀನಿ ನಿನ್ನ.”

ಹೇಳಿಬಿಡಲೇ ಅನ್ನಿಸಿತು ಜಿಪ್ಪಣ್ಣನಿಗೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ಕಂಡಕ್ಟರ್ ಅವನ ಭುಜ ತಟ್ಟಿ, “ನೀನೊಬ್ಬ ಇದ್ದೀಯ ಅಂತ ನಾನು ಹಾಸಿಗೆ ಬಿಟ್ಟು ಏಳ್ತಿದ್ದೀನಿ ಕಣೋ,” ಅಂದ. ಮಾತು ಹಾಗೇ ಒಳಗೆ ಹೋಯಿತು. ಹೇಡಿತನಕ್ಕೆ ಎಷ್ಟು ಒಳ್ಳೆಯ ನೆಪಗಳು ಸಿಗುತ್ತವೆ ಅಂತೀರಿ!

ಆ ಸಂಜೆ ಅವನು ಸೊಸೆಯ ಕೈಯಿಂದ ಪಟ್ಟಿ ಬಿಚ್ಚಿಸಿಕೊಂಡ. ಒಂದು ವಾರ ತಾನೇ ಕಟ್ಟಿಕೊಂಡು ಮನೆ, ಬಸ್ಸು, ಅಂಗಡಿ ಅಂತ ಎಂದಿನಂತೆ ಇದ್ದ. ಹಸಿರು ಗೆರೆ ನೆಲಕ್ಕೆ ಬಿತ್ತು. ಅವನೇ ಗೆದ್ದುಕೊಳ್ಳಲಿ, ಸಮಾಧಾನವಾಗಲಿ, ಎಂಬ ಲೆಕ್ಕಾಚಾರ. ಕಂಡಕ್ಟರ್ ಗೆದ್ದ, ವ್ಯಾಯಾಮದ ಕೋಣೆಯಲ್ಲಿ ಇಲ್ಲದ ಸೀಟಿ ಊದಿ ಕುಣಿದ. ಹೊರಗೆ ಬರುತ್ತಿದ್ದಂತೆ ಮುಖ ಗಂಟಿಕ್ಕಿದ. “ಬೇಕೂಂತ ಬಿಟ್ಟುಕೊಟ್ಯಾ? ನನ್ನ ಮೇಲೆ ಕನಿಕರಾನಾ? ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿನ್ನ ಮುಖ ನೋಡಲ್ಲ,” ಎಂದು ಹೊರಟೇಹೋದ. ಮಾರನೆಯ ದಿನವೇ ಡಾಕ್ಟರಮ್ಮನ ಕಡೆಯಿಂದ ಫೋನು: ಏಕೆ ನಡೆಯುತ್ತಿಲ್ಲ, ಹುಷಾರಿಲ್ಲವೇ, ಬಂದು ತೋರಿಸಿ. ಹೆಂಡತಿ ಗಾಬರಿಯಾಗಿ ಪಟ್ಟಿಯನ್ನು ಮತ್ತೆ ಸೊಸೆಯ ಕೈಗೆ ಕಟ್ಟಿದಳು.

“ಮಾವ, ಅವ್ರಿಗೆ ಹೇಳಿಬಿಡಿ,” ಅಂದಳು ಸೊಸೆ. ಅವಳ ದನಿ ಗಟ್ಟಿಯಾಗಿತ್ತು. “ನಾನು ಒಂದೊಂದು ಮನೆ ಬಾಗಿಲಿಗೆ ಹೋದಾಗ್ಲೂ ಅವ್ರನ್ನ ಎಳ್ಕೊಂಡು ಹೋದಂಗೆ ಆಗ್ತಿದೆ ನನಗೆ.”

“ಹೇಳ್ತೀನಮ್ಮ. ಈ ವಾರ ಹೇಳ್ತೀನಿ.”

“ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ,” ಎಂದು ಬಾಗಿಲು ಎಳೆದುಕೊಂಡು ಹೋದಳು.

ಅದಾದ ಎರಡನೆಯ ಬೆಳಿಗ್ಗೆ ಮಾರುಕಟ್ಟೆಗೆ ವಾರದ ರಜೆ. ಬೇರೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕೆಲಸ ಬಾಕಿಯಿದ್ದ ಜಿಪ್ಪಣ್ಣನೊಬ್ಬನೇ ಮೆಟ್ಟಿಲಿನ ಕೆಳಗೆ ಕೂತಿದ್ದ. ಯಾರೋ ಕುಂಟುತ್ತಾ ಬರುವ ಸದ್ದಾಯಿತು. ಕಂಡಕ್ಟರನ ಹೆಂಡತಿ. ಮಂಡಿ ಸವೆದು ವರ್ಷಗಟ್ಟಲೆಯಿಂದ ಕೋಲು ಹಿಡಿದು ನಡೆಯುವ ಹೆಂಗಸು, ಕೋಲನ್ನೂ ಮರೆತು ಗೋಡೆ ಹಿಡಿದುಕೊಂಡು ಬಂದಿದ್ದಳು. ಅವಳ ಮುಷ್ಟಿಯಲ್ಲಿ ಗಂಡನ ಮಾತ್ರೆಯ ಡಬ್ಬಿ.

“ಅಣ್ಣಾ, ಅವ್ರು ಟ್ಯಾಂಕ್ ಗುಡ್ಡಕ್ಕೆ ಹೋಗಿದ್ದಾರೆ,” ಅಂದಳು. “ಎದ್ದಾಗಿನಿಂದ ಎದೆ ಉರಿ, ಉರಿ ಅಂತಿದ್ರು. ಬೇಡ ಅಂದೆ, ಕೇಳ್ಲಿಲ್ಲ. ಫೋನಲ್ಲಿ ನಿಮ್ಮ ಹಸಿರು ಗೆರೆ ನೋಡಿದ್ರು, ಎದ್ದೇಬಿಟ್ರು. ಫೋನೂ ಮನೇಲೇ ಇದೆ, ಮಾತ್ರೆನೂ ಇಲ್ಲೇ ಇದೆ. ಹೋಗಿ ಬಹಳ ಹೊತ್ತಾಯ್ತು. ನನ್ನ ಕೈಲಿ ಹತ್ತೋಕಾಗಲ್ಲ.”

ಜಿಪ್ಪಣ್ಣ ಇಕ್ಕಳ ಬಿಸಾಡಿ ಬಗ್ಗಿ ಹೊರಗೆ ಬಂದ. ಟ್ಯಾಂಕ್ ಗುಡ್ಡ ಮಾರುಕಟ್ಟೆಯ ಬೆನ್ನಿಗೇ ಇದೆ. ತುದಿಯಲ್ಲಿ ಊರಿಗೆ ನೀರು ಬಿಡುವ ತೊಟ್ಟಿ. ಅಲ್ಲಿಗೆ ಗಾಡಿ ಹೋಗುವುದಿಲ್ಲ, ಕಲ್ಲಿನ ಮೆಟ್ಟಿಲುಗಳಷ್ಟೇ. ಆಂಬುಲೆನ್ಸಿಗೆ ಫೋನು ಮಾಡಿದರೆ, “ರೋಗಿ ಎಲ್ಲಿದ್ದಾರೆ, ಏನಾಗಿದೆ?” ಅಂತ ಕೇಳಿದರು. ವಾಕಿಂಗ್ ಹೋಗಿದ್ದಾರೆ ಅಂದರೆ ಯಾರು ಗಾಡಿ ಕಳಿಸುತ್ತಾರೆ? ಸೊಸೆಗೆ ಫೋನು ಮಾಡಿದ. ಅವಳು ಊರಿನ ಆ ತುದಿಯಲ್ಲಿದ್ದಳು. “ಮಾವ, ನೀವು ಹತ್ತಬೇಡಿ! ನಾನು ಬರ್ತೀನಿ, ಈಗ್ಲೇ ಹೊರಟೆ!” ಎಂದು ಕೂಗಿದಳು. ಅವಳು ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಸುತ್ತ ನೋಡಿದ. ಮುಚ್ಚಿದ ಶಟರುಗಳು, ಗೋಡೆಗೊರಗಿದ ಮಂಡಿನೋವಿನ ಹೆಂಗಸು, ಮತ್ತೆ ತಾನು.

ಅವನು ಆ ಡಬ್ಬಿ ಇಸಿದುಕೊಂಡು ಹೊರಟ.

ಮೊದಲ ಮೆಟ್ಟಿಲ ಹತ್ತಿರ ನಿಂತು ಮೇಲೆ ನೋಡಿದ. ಏರುರಸ್ತೆ, ಪೆಟ್ಟಿಗೆ, ಎದೆಯ ಮೇಲಿನ ಕಾಲು, ಎಲ್ಲ ಒಮ್ಮೆಲೇ ನುಗ್ಗಿ ಬಂತು. ಸಾಯುತ್ತೇನೆ ಅಂತ ಅವನಿಗೆ ಖಂಡಿತವಾಗಿ ಅನ್ನಿಸಿತು. ವಾಪಸ್ಸು ಹೋಗಬೇಕೆಂದೂ ಅನ್ನಿಸಿತು. ಆಗ ಡ್ರಿಲ್ ಮೇಷ್ಟ್ರ ರಾಗ ನೆನಪಾಯಿತು: ಮಾತಾಡುತ್ತಾ ನಡೆಯಲು ಆಗುವವರೆಗೆ ಅಪಾಯವಿಲ್ಲ. ಮಾತಾಡೋಣ ಅಂದರೆ ಪಕ್ಕದಲ್ಲಿ ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಏನಂತೆ, ಬೈಯುವುದಕ್ಕೆ ಒಬ್ಬನಿದ್ದಾನಲ್ಲ ಮೇಲೆ.

“ಲೋ ಕಂಡಕ್ಟ್ರೇ,” ಎಂದು ಗಟ್ಟಿಯಾಗಿ ಶುರುಮಾಡಿ ಒಂದು ಮೆಟ್ಟಿಲು ಹತ್ತಿದ. “ಬುದ್ಧಿ ಇದೆಯೇನೋ ನಿನಗೆ? ಮಾತ್ರೆ ಬಿಟ್ಟು ಯಾವನಾದ್ರೂ ಗುಡ್ಡ ಹತ್ತುತಾನೇನೋ, ಬೆಪ್ಪು ನನ್ಮಗನೇ?” ಇನ್ನೆರಡು ಮೆಟ್ಟಿಲು. “ಜನ್ಮಪೂರ್ತಿ ಜನರಿಗೆ ನಿಧಾನ ನಿಧಾನ ಅಂತ ಕೂಗ್ದೆ, ನಿನಗೆ ನೀನೇ ಹೇಳ್ಕೊಳ್ಳೋಕೆ ಏನಾಗಿತ್ತು ರೋಗ?” ಮಾತು ತಡೆಯಿತು. ಅಲ್ಲೇ ನಿಂತ, ಕೂತ. ಎದೆಯ ಮೇಲೆ ಕೈಯಿಟ್ಟು ಕಾದ. ಎದೆ ಬಡಿಯುತ್ತಿತ್ತು, ಆದರೆ ಯಾರೂ ತುಳಿಯಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಎದ್ದ, ಮತ್ತೆ ಬೈಗುಳ ಶುರುವಾಯಿತು. ಕಂಡಕ್ಟರನಿಗೆ ಬೈದ, ಹಸಿರು ಬಣ್ಣಕ್ಕೆ ಬೈದ, ಆ ಪಟ್ಟಿ ಕಂಡುಹಿಡಿದವನಿಗೆ ಬೈದ. ಬೈಯುತ್ತಾ ಬೈಯುತ್ತಾ ಬೈಗುಳ ತನ್ನ ಕಡೆಗೇ ತಿರುಗಿತು. “ಸುಳ್ಳ. ಹೇಡಿ. ನಿನ್ನ ಜೀವಕ್ಕೆ ಹೆದರಿ ಅವನ ಜೀವ ತೆಗೀತಿದ್ದೀಯ.” ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೇಲಿಂದ ಇಳಿದು ಬರುತ್ತಿದ್ದ ಒಬ್ಬ ಹುಡುಗಿ ಬೆಚ್ಚಿ ಪಕ್ಕಕ್ಕೆ ಸರಿದಳು.

“ಮೇಲೆ ಯಾರಾದ್ರೂ ವಯಸ್ಸಾದೋರು ಇದ್ದಾರೇನಮ್ಮಾ?”

“ಒಬ್ರು ತಿರುವಿನಲ್ಲಿ ಕೂತಿದ್ದಾರೆ. ಸುಸ್ತಾಗಿದೆ, ಏನಿಲ್ಲ ಅಂದ್ರು,” ಅಂದಳು.

ತಿರುವಿನಲ್ಲಿ ಕಂಡಕ್ಟರ್ ಮೆಟ್ಟಿಲ ಮೇಲೆಯೇ ಮುದುಡಿದ್ದ. ಮುಖ ಬೂದಿಯ ಬಣ್ಣ, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಒಂದು ಕೈ ದವಡೆ ಹಿಡಿದಿತ್ತು. ಜಿಪ್ಪಣ್ಣನನ್ನು ಕಂಡು ಏಳಲು ಹೋದ.

“ಕೂತ್ಕೋ! ಅಲ್ಲಾಡಿದ್ರೆ ಒದೀತೀನಿ!” ಜಿಪ್ಪಣ್ಣ ಅವನ ನಾಲಿಗೆಯ ಕೆಳಗೆ ಮಾತ್ರೆ ಇಟ್ಟ. ಬೆನ್ನಿಗೆ ತನ್ನ ಮೈ ಕೊಟ್ಟು ಒರಗಿಸಿಕೊಂಡು ಫೋನು ಮಾಡಿದ. ಈ ಸಲ ಎಲ್ಲಿ, ಏನಾಗಿದೆ ಅನ್ನುವುದಕ್ಕೆ ಉತ್ತರವಿತ್ತು. ಹೊರಟಿದ್ದೇವೆ ಅಂದರು. ರೋಗಿಯನ್ನು ಗಾಬರಿಪಡಿಸಬೇಡಿ, ಸಮಾಧಾನವಾಗಿರಿಸಿ ಅಂತಲೂ ಅಂದರು. ಹಾಗಾಗಿ ಹೇಳಬೇಕೆಂದು ಹತ್ತಿ ಬಂದ ಮಾತನ್ನು ಜಿಪ್ಪಣ್ಣ ಹೇಳಲಿಲ್ಲ. ಕಂಡಕ್ಟರನ ತಲೆ ಅವನ ಭುಜಕ್ಕೆ ಒರಗಿತ್ತು. ಆ ಮನುಷ್ಯನ ಎದೆ ತನ್ನ ತೋಳಿನೊಳಗೆ ಅಡ್ಡಾದಿಡ್ಡಿ ಬಡಿಯುವುದು ಅವನಿಗೆ ಗೊತ್ತಾಗುತ್ತಿತ್ತು. ನಿಲ್ಲಬೇಡ, ನಿಲ್ಲಬೇಡ ಅಂತ ಒಳಗೇ ಅಂಗಲಾಚಿದ. ಸ್ಟ್ರೆಚರ್ ಹಿಡಿದವರ ಹಿಂದೆಯೇ ಸೊಸೆ ಓಡಿ ಬಂದಳು. ಅವಳ ಮಣಿಕಟ್ಟಿನಲ್ಲಿ ಆ ಪಟ್ಟಿ ಇನ್ನೂ ಇತ್ತು. ಮಾವನನ್ನು ಆ ಎತ್ತರದಲ್ಲಿ ನೋಡಿ ಅವಳು ಅಲ್ಲೇ ಅತ್ತುಬಿಟ್ಟಳು.

ಕಂಡಕ್ಟರ್ ಉಳಿದ. ಉಳಿದ ಅನ್ನುವುದು ಅರ್ಧ ಸತ್ಯ. ಮಾರನೆಯ ದಿನ ಡಾಕ್ಟರಮ್ಮ ಕೋಣೆಯ ಹೊರಗೆ ಬಂದು, ಹೃದಯದ ಮಾಂಸಖಂಡ ಒಂದಷ್ಟು ಸತ್ತುಹೋಗಿದೆ, ಅದು ವಾಪಸ್ಸು ಬರುವುದಿಲ್ಲ ಅಂದಳು. ಇನ್ನು ಮಂಚದಿಂದ ಬಾಗಿಲವರೆಗೆ ಅಂತ ಮೊದಲಿನಿಂದ ಶುರುಮಾಡಬೇಕು. “ಅರ್ಥವೇ ಆಗ್ತಿಲ್ಲ,” ಅಂದಳು. “ಎಲ್ಲರಿಗಿಂತ ಸರಿಯಾಗಿ ನಡೀತಿದ್ದಿದ್ದು ಇವ್ರೇ. ಯಾಕೆ ಹೀಗೆ ಹುಚ್ಚುಹುಚ್ಚಾಗಿ ಓಡಿದ್ರೋ.”

ಜಿಪ್ಪಣ್ಣ, ಸೊಸೆಯಿಂದ ಬಿಚ್ಚಿಸಿಕೊಂಡು ತಂದಿದ್ದ ಪಟ್ಟಿಯನ್ನು ಜೇಬಿನಿಂದ ತೆಗೆದು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದ. ತಪ್ಪನ್ನು ಹೆಂಡತಿಯ ಮೇಲಾಗಲಿ ಸೊಸೆಯ ಮೇಲಾಗಲಿ ಹಾಕಲಿಲ್ಲ. ಡಾಕ್ಟರಮ್ಮನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. “ನಾನೇ ಎಲ್ಲರ ಮುಂದೆ ನಿಮ್ಮನ್ನ ನೋಡಿ ಕಲೀರಿ ಅಂದೆ,” ಎಂದಳು. ಬೇರೇನೂ ಅನ್ನದೆ ಹೊರಟುಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬೆಂಚಿನ ಮೇಲೆ ಕೂತಿದ್ದ ಕಂಡಕ್ಟರನ ಹೆಂಡತಿ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಬೆಳಿಗ್ಗೆಯಷ್ಟೇ ಅವನ ಎರಡೂ ಕೈ ಹಿಡಿದು, ಅಣ್ಣಾ, ನಿಮ್ಮಿಂದ ನನ್ನ ಗಂಡ ಉಳಿದ ಅಂದಿದ್ದವಳು. ಈಗ ಸೆರಗಿನ ತುದಿಯನ್ನು ಸುಮ್ಮನೆ ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು. ಜಿಪ್ಪಣ್ಣ ಅವಳ ಮುಂದೆ ಹೋಗಿ ನಿಂತ. ತಲೆ ಎತ್ತಲಿಲ್ಲ ಅವಳು.

“ನನ್ನ ಮುಂದೆ ಯಾಕೆ ನಿಂತಿದ್ದೀರಿ? ಅವ್ರು ಎಚ್ಚರವಾಗಿದ್ದಾರೆ. ಹೋಗಿ ಅವ್ರಿಗೆ ಹೇಳಿ,” ಅಂದಳು.

ಒಳಗೆ ಕಂಡಕ್ಟರ್ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದ. ಒಂದೇ ದಿನಕ್ಕೆ ಮೈ ಬತ್ತಿದಂತಿತ್ತು. ಜಿಪ್ಪಣ್ಣ ಕೂರಲಿಲ್ಲ. ಕೂತರೆ ಮತ್ತೆ ನೆಪ ಸಿಗುತ್ತದೆ ಅಂತ ಅವನಿಗೆ ಗೊತ್ತಿತ್ತು.

“ಆ ಹಸಿರು ಗೆರೆ ನಂದಲ್ಲ ಕಣೋ. ಸೊಸೇದು. ಅವಳ ಕೈಗೆ ಕಟ್ಟಿದ್ದೆ,” ಅಂದ. “ನನಗೆ ಭಯ. ನಡೆದ್ರೆ ಸಾಯ್ತೀನಿ ಅಂತ ಭಯ. ಗೇಟು ದಾಟೋಕೂ ಆಗ್ತಿರಲಿಲ್ಲ.”

ಕಂಡಕ್ಟರ್ ಇತ್ತ ಮುಖ ತಿರುಗಿಸಿದ. “ಎಲ್ಲಾನೂ ಅವಳದ್ದೇ?”

“ಒಂದು ವಾರ ಬಿಟ್ಟು. ನೀನು ಗೆದ್ಯಲ್ಲ, ಆ ವಾರ ನಂದು.”

ಕಂಡಕ್ಟರನ ತುಟಿ ನಗುವುದಕ್ಕೋ ಅಳುವುದಕ್ಕೋ ಅಂತ ತಿಳಿಯದ ಹಾಗೆ ಅದುರಿತು. ಕಣ್ಣು ಮುಚ್ಚಿಕೊಂಡ.

“ನಿನ್ನ ಸೋಲಿಸೋಕೆ ಓಡಿದೆ ಅಂದ್ಕೊಂಡಿದ್ದೀಯ?” ಎಂದ ಕೊನೆಗೆ. ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು. “ಕಸುವಿದ್ದೋರು ಬದುಕ್ತಾರೆ ಅಂದ್ಲಲ್ಲ ಡಾಕ್ಟರಮ್ಮ. ಇಬ್ರೂ ಒಂದೇ ವಾರ ಮಲಗಿದ್ವಿ. ಜನ್ಮಪೂರ್ತಿ ಕೂತೋನು ನೀನು, ನಿಂತೋನು ನಾನು. ನೀನೇ ಅಷ್ಟು ನಡೀತಿದ್ದೀಯ, ನನ್ನ ಕೈಲಿ ಆಗ್ತಿಲ್ಲ ಅಂದ್ರೆ ಏನರ್ಥ? ನಿನ್ನದು ಸರಿಹೋಯ್ತು, ನಂದು ಹೋಗೇಬಿಟ್ಟಿತು ಅಂದ್ಕೊಂಡೆ. ನೀನು ಉಳೀತೀಯ, ನಾನು ಹೋಗ್ತೀನಿ ಅಂತ ದಿನಾ ಬೆಳಿಗ್ಗೆ ಎದ್ರೆ ಭಯ. ಆ ಭಯಕ್ಕೆ ಓಡಿದ್ದು ಕಣಯ್ಯ.”

ಜಿಪ್ಪಣ್ಣ ಮಂಚದ ಕಂಬಿ ಹಿಡಿದುಕೊಂಡ. ಒಂದೇ ಭಯ, ಇಬ್ಬರಿಗೂ. ಒಬ್ಬನನ್ನು ಕೂರಿಸಿತು, ಇನ್ನೊಬ್ಬನನ್ನು ಓಡಿಸಿತು. ಪಕ್ಕಪಕ್ಕದ ಮಂಚದಲ್ಲಿ ಮಲಗಿ ಜಗತ್ತಿನದೆಲ್ಲ ಹರಟಿದ್ದರು, ಈ ಒಂದು ಮಾತು ಬಿಟ್ಟು.

“ಈ ಮಾತು ಒಂದ್ಸಲ ಬಾಯಿಬಿಟ್ಟಿದ್ರೆ ಆಗ್ತಿತ್ತಲ್ಲೋ,” ಅಂದ ಕಂಡಕ್ಟರ್.

“ನೀನೂ ಬಿಡಲಿಲ್ಲ.”

“ಹೂಂ. ನಾನೂ ಬಿಡಲಿಲ್ಲ.” ಕಂಡಕ್ಟರ್ ಮತ್ತೆ ಕಿಟಕಿಯ ಕಡೆ ತಿರುಗಿದ. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. “ಈಗ ಹೋಗು. ನಿನ್ನ ಮುಖ ನೋಡೋಕೆ ಆಗ್ತಿಲ್ಲ ನನಗೆ.”

ಜಿಪ್ಪಣ್ಣ ಬಾಗಿಲವರೆಗೆ ಹೋದ. ಕೈ ಬಾಗಿಲ ಹಿಡಿಯ ಮೇಲಿತ್ತು.

“ನಾಳೆ ಬಾ,” ಅಂದ ಕಂಡಕ್ಟರ್, ತಿರುಗದೆಯೇ. “ಬಸ್ಸಲ್ಲಿ ಬಂದ್ರೆ ಒಳಗೆ ಬಿಟ್ಕೊಳ್ಳಲ್ಲ. ನಡ್ಕೊಂಡು ಬಾ.”